ಬಾಗಿಲೊಳಗಿನ ಅರ್ಧ ಕಾಗದ

ನಮ್ಮ ಮಲಗುವ ಕೋಣೆಯ ಬಾಗಿಲಿನಲ್ಲಿ ಒಂದು ತೂತಿತ್ತು. ಎಂಟು ವರ್ಷದ ಮಗಳು ತಾರಾ ಸಿಟ್ಟಿನಲ್ಲಿ ಪೆನ್ಸಿಲ್ ತೂರಿಸಿ ದಯಪಾಲಿಸಿದ್ದು. ಜಪಾನಿನ ಹಮಾಮತ್ಸುವಿನಲ್ಲಿ ಕಾಗದದ ಬಾಗಿಲು ದುರಸ್ತಿ ಮಾಡಿಯೇ ಅನ್ನ ತಿನ್ನುವವನ ಮನೆಯಲ್ಲಿ ಈ ತೂತು ಎರಡು ತಿಂಗಳಿಂದ ನಿರಾತಂಕವಾಗಿ ವಾಸಿಸುತ್ತಿತ್ತು. "ಊರವರ ಬಾಗಿಲಿಗೆಲ್ಲ ಸೀರೆ ಉಡಿಸ್ತೀರಿ, ನಮ್ಮನೇದಕ್ಕೆ ಒಂದು ತೇಪೆಗೂ ಗತಿಯಿಲ್ಲ" ಎನ್ನುತ್ತಿದ್ದಳು ಹೆಂಡತಿ ಸುಧಾ. ಅವಳು ಇಲ್ಲಿನ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್; ನಾನು ಏಳನೇ ಕ್ಲಾಸು. ಹೇಳಿಕೊಳ್ಳಲು ಸಂಕೋಚವೇನಿಲ್ಲ. ಕೈ ಕಲಿತದ್ದು ಮರೆಯುವುದಿಲ್ಲ. ಪದವಿಗೆ ಆ ಭರವಸೆ ಉಂಟೋ ಇಲ್ಲವೋ ಪದವೀಧರರೇ ಹೇಳಬೇಕು.

ಶಾಲೆ ಬಿಟ್ಟವನಿಗೆ ಓದಿನ ಚಟ ಹತ್ತಿಸಿದ್ದು ಮೈಸೂರಿನ ಕಡಲೆಕಾಯಿ ಪೊಟ್ಟಣಗಳು. ಕಾಯಿ ಮುಗಿದ ಮೇಲೆ ಪೊಟ್ಟಣ ಬಿಡಿಸಿ ಓದುತ್ತಿದ್ದೆ. ಯಾವುದೋ ಧಾರಾವಾಹಿಯ ನಾಯಕಿ ಬಾವಿಕಟ್ಟೆಯ ಹತ್ತಿರ ಬರುವಷ್ಟರಲ್ಲಿ ಕಾಗದ ಮುಗಿದಿರುತ್ತಿತ್ತು. ಹಾರಿದಳೋ, ನೀರು ಸೇದಿದಳೋ, ನಾನೇ ತೀರ್ಮಾನಿಸಬೇಕು, ಸಾಮಾನ್ಯವಾಗಿ ಹಾರಿಸಿಬಿಡುತ್ತಿದ್ದೆ. ಈ ದುರಭ್ಯಾಸ ಒಂದು ದಿನ ಜಪಾನಿನ ಅಜ್ಜಿಯೊಬ್ಬರನ್ನು ನೋಯಿಸೀತೆಂದು ಯಾರಿಗೆ ಗೊತ್ತಿತ್ತು?

ಫುಸುಮಾ ಎಂಬ ಈ ಜಾರುಬಾಗಿಲು ಹೊರಗೆ ಒಂದೇ ಕಾಗದದಂತೆ ಕಂಡರೂ ಒಳಗೆ ಈರುಳ್ಳಿ. ಕಾಗದ ಅಪರೂಪವಾಗಿದ್ದ ಕಾಲದಲ್ಲಿ ಮನೆಯ ಹಳೆಯ ಪತ್ರಗಳನ್ನೂ ಮಕ್ಕಳು ಅಕ್ಷರ ತಿದ್ದಿದ ಹಾಳೆಗಳನ್ನೂ ಹರಿದು ಪದರಪದರವಾಗಿ ಒಳಗೆ ಅಂಟಿಸುತ್ತಿದ್ದರು. ಹೋದ ವಸಂತದಲ್ಲಿ ಎಂಬತ್ತು ದಾಟಿದ ಕಿಯೋ-ಸಾನ್, ಅಂದರೆ ಕಿಯೋ ಅವರು, ಅಂಥ ನಾಲ್ಕು ಬಾಗಿಲುಗಳನ್ನು ನಮ್ಮ ಅಂಗಡಿಗೆ ತರಿಸಿದರು. ಒಂದು ಕಾಲದಲ್ಲಿ ಗುಡ್ಡಗುಡ್ಡವೇ ಇವರದೆನ್ನುವಷ್ಟು ಚಹಾತೋಟವಿದ್ದ ಸಿರಿವಂತ ಮನೆತನ. ಸುಮಾರು ನೂರೈವತ್ತು ವರ್ಷಗಳ ಹಿಂದೆ, ಶೋಗುನ್ ಎಂಬ ಸೇನಾಧಿಪತಿಗಳ ಆಳ್ವಿಕೆ ಉರುಳಿ ದೇಶವೇ ಮಗುಚಿಕೊಂಡಾಗ ಆ ಮನೆಯ ಎರಡನೇ ಮಗ ಸೇಜಿ ಕ್ರಾಂತಿಯೆಂದು ಕತ್ತಿ ಹಿಡಿದು ಹೋದನಂತೆ, ಅಪ್ಪ ಅವನನ್ನು ಮನೆಯಿಂದಲೇ ಹೊರಗಿಟ್ಟನಂತೆ. ಸತ್ತವರು ಮನೆಗೆ ಬರುವ ಹಬ್ಬದಲ್ಲಿ ಎಲ್ಲ ಹಿರಿಯರಿಗೂ ಚಹಾ ಬಟ್ಟಲು ಇಟ್ಟರೂ ಸೇಜಿಗೆ ಮಾತ್ರ ಇಡುತ್ತಿರಲಿಲ್ಲ. "ಅವನ ಹೆಸರು ಎಲ್ಲಾದರೂ ಸಿಕ್ಕರೆ ತಿಳಿಸಿ. ಅವನಿಗೇಕೆ ಬಟ್ಟಲಿಲ್ಲ ಅಂತ ಚಿಕ್ಕವಳಿದ್ದಾಗ ಕೇಳಿ ಅಮ್ಮನಿಂದ ಬೈಸಿಕೊಂಡಿದ್ದೆ" ಎಂದರು ಕಿಯೋ-ಸಾನ್.

ಮೊದಲ ಬಾಗಿಲನ್ನು ಒದ್ದೆ ಕುಂಚದಿಂದ ನೆನೆಸಿ ನೆನೆಸಿ ಬಿಡಿಸಿದೆ. ನಮ್ಮ ಅಂಗಡಿಯ ಯಜಮಾನರು ಒಕಾದಾ-ಸಾನ್, ಅವರಪ್ಪ ಕಲಿಸಿದ ಹಳೆಯ ಮೋಡಿ ಬರಹವನ್ನು ಕೂಡಿಸಿ ಕೂಡಿಸಿ ಓದಿದರು. ಕ್ರಾಂತಿಯ ಕಾಲದ ಕಾಗದಗಳೆಂದು ನಾನು ಕತ್ತಿಯ ಖಣಖಣ ನಿರೀಕ್ಷಿಸಿದ್ದರೆ, ಅಲ್ಲಿದ್ದದ್ದು ಚಿಗುರಿಗೆ ಬಿದ್ದ ಇಬ್ಬನಿಮಂಜು, ನಾಯಿ ಹಾಕಿದ ಮರಿಗಳು, ಕೊಂಡೊಯ್ದವರು ಹಿಂತಿರುಗಿಸದ ಒಂದು ಕೊಡೆ. ಕೊನೆಗೆ ಒಂದು ಹರಿದ ತುಂಡು, ಸೇಜಿಯ ಅಪ್ಪನ ಕೈಬರಹ: "ಈ ಮನೆಗೆ ಕಾಲಿಡಬೇಡ, ಸೇಜಿ."

ನನ್ನ ಉತ್ಸಾಹ ತಡೆಯಬೇಕಲ್ಲ! ಆಗಲೇ ಫೋನ್ ಮಾಡಿದೆ. ಕಿಯೋ-ಸಾನ್, "ಹಾಗಾದರೆ ಅವನನ್ನು ಹೊರಗಿಟ್ಟರೆಂದು ಅಮ್ಮ ಹೇಳಿದ್ದು ನಿಜವೇ. ಉಳಿದ ಮೂರು ಬಾಗಿಲು ಬಿಚ್ಚಬೇಡಿ, ಎಸೆದುಬಿಡಿ" ಎಂದರು.

ಒಕಾದಾ-ಸಾನ್ ಗದರುವುದಿಲ್ಲ, ವಿನಯದಿಂದ ಪ್ರಶ್ನೆ ಕೇಳುತ್ತಾರೆ, ಅದಕ್ಕಿಂತ ಎರಡು ಏಟು ವಾಸಿ. "ಮಂಜು-ಸಾನ್, ಆ ಕಾಗದದ ಬಲಗಡೆ ಅಂಚು ಹೇಗಿದೆ?"

"ಹರಿದಿದೆ."

"ಹರಿದದ್ದಕ್ಕೆ ಇನ್ನೊಂದು ತುಂಡು ಇರುತ್ತದೆ, ಅಲ್ಲವೇ?"

ಜಪಾನಿನ ಹಳೆಯ ಬರಹ ಬಲದಿಂದ ಎಡಕ್ಕೆ ಸಾಗುತ್ತದೆ; ನಾನು ಓದಿಸಿದ್ದು ಕೊನೆಯ ತುಂಡು ಮಾತ್ರ. ಬಾವಿಕಟ್ಟೆಯ ನಾಯಕಿಯನ್ನು ನಾನು ಮತ್ತೆ ಹಾರಿಸಿಬಿಟ್ಟಿದ್ದೆ. ಕಿಯೋ-ಸಾನ್‌ಗೆ ಫೋನ್ ಮಾಡಿ, ಕ್ಷಮಿಸಿ ಎನ್ನುವ ಇದ್ದಬದ್ದ ಸುಮಿಮಾಸೆನ್‌ಗಳನ್ನೆಲ್ಲ ಸುರಿದು, ಎರಡು ದಿನದ ಗಡುವು ಬೇಡಿಕೊಂಡೆ. ಅವಸರ ಮಾಡಿದರೆ ಕಾಗದ ಹರಿಯುತ್ತದೆ, ತಡಮಾಡಿದರೆ ಗಡುವು ಮುಗಿಯುತ್ತದೆ. ಎರಡನೇ ಬಾಗಿಲಲ್ಲಿ ಏನೂ ಸಿಗಲಿಲ್ಲ. ಮೂರನೆಯದರ ನಾಲ್ಕನೇ ಪದರದಲ್ಲಿ ಅದೇ ಕೈಬರಹ ಕಂಡಿತು. ತುಂಡನ್ನು ಪಕ್ಕಕ್ಕಿಟ್ಟರೆ ಅಂಚಿಗೆ ಅಂಚು ಕೂಡಿತು. ಒಕಾದಾ-ಸಾನ್ ಮೊದಲಿಂದ ಓದಿದರು: "ಸೈನಿಕರು ನಮ್ಮಲ್ಲೇ ಬೀಡುಬಿಟ್ಟು ನಿನ್ನನ್ನು ಹುಡುಕುತ್ತಿದ್ದಾರೆ. ನಿನ್ನ ಹಾಸಿಗೆಯನ್ನು ಅಮ್ಮ ತಪ್ಪದೆ ಬಿಸಿಲಿಗೆ ಹಾಕುತ್ತಾಳೆ. ಅವರು ಹೊರಟುಹೋಗುವ ತನಕ ಈ ಮನೆಗೆ ಕಾಲಿಡಬೇಡ, ಸೇಜಿ."

ಕಾಗದ ಮನೆಯಲ್ಲೇ ಉಳಿದದ್ದು ನೋಡಿದರೆ ಅದು ಅವನ ಕೈ ಸೇರಲಿಲ್ಲವೆಂದು ಕಾಣುತ್ತದೆ. ಅವನು ಹಿಂತಿರುಗಲೂ ಇಲ್ಲ. ಬಾರದ ಮಗನ ಹೆಸರೆತ್ತಲಾರದ ಅಪ್ಪನ ಮೌನವನ್ನು ಮುಂದಿನವರು ಸಿಟ್ಟೆಂದು ಓದಿಕೊಂಡರು. ನೋಡಿ, ಪೊಟ್ಟಣದ ಓದುಗರು ಮೈಸೂರಿನಲ್ಲಷ್ಟೇ ಇಲ್ಲ.

ಕೂಡಿಸಿದ ಕಾಗದವನ್ನು ನಾನೇ ಒಯ್ದು ಕೊಟ್ಟು, ತಲೆಬಾಗಿಸಿ ಕ್ಷಮೆ ಕೇಳಿದೆ. "ನೀವು ಎರಡು ದಿನ ತಪ್ಪು ಓದಿದಿರಿ. ನಾವು ನೂರೈವತ್ತು ವರ್ಷ" ಎಂದ ಕಿಯೋ-ಸಾನ್ ಚಹಾ ಮಾಡಿ ಮೂರು ಬಟ್ಟಲಿಗೆ ಸುರಿದರು. ಮೂರನೆಯದನ್ನು ಖಾಲಿ ಆಸನದ ಮುಂದೆ ಸರಿಸಿ, ತಡವಾಗಿ ಊಟಕ್ಕೆ ಬಂದ ಹುಡುಗನನ್ನು ಗದರುವಂತೆ, "ಆರುವುದರೊಳಗೆ ಕುಡಿ, ಸೇಜಿ" ಎಂದರು. ಆಮೇಲೆ ಕಿಟಕಿಯ ಕಡೆ ತಿರುಗಿ ಕೂತರು. ನಾನೂ ನನ್ನ ಬಟ್ಟಲನ್ನೇ ನೋಡುತ್ತಾ ಕೂತೆ.

ಮುಂದಿನ ಭಾನುವಾರ ನಮ್ಮನೆ ತೂತಿಗೆ ಮುಹೂರ್ತ ಬಂತು. ಒಳಗಿಡಲು ಏನಾದರೂ ಬರೆದುಕೊಡು ಎಂದರೆ ತಾರಾ, ಜಪಾನಿಯಲ್ಲೇನೋ ಗೊಣಗಿಕೊಂಡು, ಸೊಟ್ಟಸೊಟ್ಟ ಕನ್ನಡದಲ್ಲಿ ಬರೆದಳು: "ಅಪ್ಪ ಬೈದ. ಅದಕ್ಕೇ ತೂತು ಮಾಡಿದೆ." ದಾಖಲೆ ಸಾಚಾ ಎನ್ನಲು ಅಡ್ಡಿಯಿಲ್ಲ. ಅದರ ಕೆಳಗೇ ನಾನು ಬರೆದೆ: "ಬೈದದ್ದು ನಿಜ. ಆಮೇಲೆ ಕೊಂಬಿನಿ ಅಂಗಡಿಗೆ ಕರೆದೊಯ್ದು ಐಸ್‌ಕ್ರೀಮ್ ಕೊಡಿಸಿದ್ದೂ ನಿಜ." ಹಾಳೆಯನ್ನು ಹರಿಯದೆ, ಇಡಿಯಾಗಿಯೇ ಅಂಟಿಸಿ, ಮೇಲೆ ಹೊಸ ಕಾಗದ ಎಳೆದೆ.

ಬಾಗಿಲಲ್ಲಿ ಈಗ ತೂತು ಕಾಣುವುದಿಲ್ಲ. ಸವರಿದರೆ ಮಾತ್ರ, ಅದೆಲ್ಲಿತ್ತೆಂದು ಕೈಗೆ ಗೊತ್ತಾಗುತ್ತದೆ.