ಕಾಜಾ ಒಂದೇ ಬಾಕಿ

ದರ್ಜಿಗಳ ಮಾತು ನಂಬಿ ಕೆಟ್ಟವನು ನಾನೊಬ್ಬನೇ ಅಲ್ಲ ಎಂಬುದೇ ನನಗಿರುವ ಸಮಾಧಾನ. ‘ಎಲ್ಲ ಮುಗಿದಿದೆ, ಕಾಜಾ ಒಂದೇ ಬಾಕಿ’ ಎಂದು ದರ್ಜಿ ಹೇಳಿದರೆ, ಬಟ್ಟೆಗೆ ಇನ್ನೂ ಕತ್ತರಿಯೇ ಬಿದ್ದಿಲ್ಲ ಎಂದು ತಿಳಿಯಬೇಕು. ನಾನು ಕನ್ನಡ ಮೇಷ್ಟ್ರು. ಕಾಲಗಳು ಮೂರು ಎಂದು ಮಕ್ಕಳಿಗೆ ಪಾಠ ಮಾಡಿದವನು. ಆದರೆ ನಮ್ಮ ಆಡುಮಾತಿನಲ್ಲಿ ವರ್ತಮಾನಕ್ಕೂ ಭವಿಷ್ಯತ್ತಿಗೂ ಒಂದೇ ರೂಪ. ‘ಕೊಡ್ತೀನಿ’ ಎಂದರೆ ಈಗಲೂ ಆಗಬಹುದು, ಬರುವ ಯುಗಾದಿಗೂ ಆಗಬಹುದು. ದರ್ಜಿಗಳು ಬದುಕಿರುವುದೇ ಈ ಸಂದಿಯಲ್ಲಿ.

ಇಸವಿ ಎಂಬತ್ತರ ಆಸುಪಾಸಿನಲ್ಲಿ ನನಗೆ ಬಟ್ಟೆ ಹೊಲಿಯುತ್ತಿದ್ದವರು ನಮ್ಮೂರ ಶಿರಾ ಗೇಟಿನ ಗಫೂರ್ ಸಾಹೇಬರು. ಈ ವಿದ್ಯೆಯಲ್ಲಿ ಅವರೂ ಯಾರಿಗೂ ಕಡಿಮೆ ಇರಲಿಲ್ಲ. ಆದರೆ ಅಂಗಡಿಯಲ್ಲಿ ಅವರ ತಮ್ಮ ಮುನೀರ್ ಇದ್ದ. ನಲವತ್ತರ ಆಳು, ಬುದ್ಧಿ ಮಾತ್ರ ಬಹಳ ನಿಧಾನ; ಓದು, ಲೆಕ್ಕ ಎರಡೂ ಹತ್ತಿರಲಿಲ್ಲ. ಅಣ್ಣ ಮೂರು ವರ್ಷ ಪಕ್ಕದಲ್ಲಿ ಕೂರಿಸಿಕೊಂಡು ಕಾಜಾ ಹೊಲಿಯುವುದು, ಗುಂಡಿ ಹಚ್ಚುವುದು ಕಲಿಸಿದ್ದರು. ಅಂಗಿ ಹರಿದರೂ ಅವನು ಹಚ್ಚಿದ ಗುಂಡಿ ಬೀಳುತ್ತಿರಲಿಲ್ಲ.

ಹೆಬ್ಬೂರಿನ ಗೌಡರೊಬ್ಬರು ಬಂದು ವಿಚಾರಿಸಿದರೆ ಸಾಹೇಬರು, “ಕಾಜಾ ಒಂದೇ ಬಾಕಿ ಗೌಡ್ರೇ” ಅನ್ನುವರು. ಮುನೀರ್ ತಲೆ ಎತ್ತಿ, “ನನ್ ಹತ್ರ ಬಂದೇ ಇಲ್ಲ. ಬಟ್ಟೆ ಇನ್ನೂ ಗಂಟಲ್ಲೇ ಐತೆ” ಅನ್ನುವನು. ಕಾಜಾದ ವಿಷಯದಲ್ಲಿ ಅವನಿಗಿಂತ ತಿಳಿದವರುಂಟೇ?

“ಅಂಗಾರೆ ಯಾವತ್ ಬರ್ಲಿ, ನೀನೇ ಯೋಳಪ್ಪ,” ಎಂದು ಗೌಡರು ಅವನನ್ನೇ ಕೇಳುವರು. ಕ್ರಮೇಣ ಗಿರಾಕಿಗಳೆಲ್ಲ ಅವನನ್ನೇ ಕೇಳತೊಡಗಿದರು.

ಈ ಸತ್ಯವನ್ನು ನಾನೂ ಬಹಳ ಮೆಚ್ಚಿಕೊಂಡಿದ್ದೆ, ಅದು ನನ್ನ ಹೊಟ್ಟೆಯ ಬುಡಕ್ಕೆ ಬರುವವರೆಗೆ. ಆಗ ಸಫಾರಿ ಸೂಟಿನ ಕಾಲ. ಹೆಡ್‌ಮೇಷ್ಟ್ರನ್ನು ಜೊತೆಗೆ ಕರೆದುಕೊಂಡು ಹೋಗಿ, ಹೊಸ ಸಫಾರಿ ತೊಟ್ಟು ನಿಂತು, “ಹತ್ತು ವರ್ಷದಿಂದ ನನ್ನ ಅಳತೆ ಹಾಗೇ ಇದೆ ಸಾರ್” ಎಂದೆ.

“ಇಲ್ಲ. ಹಳೇ ಪ್ಯಾಂಟಿಗೆ ಎರಡು ಸಲ ಗುಂಡಿ ಈಚೆಗೆ ಸರಿಸಿ ಹಾಕಿದೀನಿ. ಹೊಟ್ಟೆ ಬಂದೈತೆ,” ಎಂದ ಮುನೀರ್.

ಹೆಡ್‌ಮೇಷ್ಟ್ರ ನಗು ಸ್ಟಾಫ್ ರೂಮಿನಲ್ಲಿ ವಾರವಿಡೀ ಓಡಾಡಿತು. ನಾನು ಮರುದಿನವೇ ಹೋಗಿ, ದೊಡ್ಡ ಹಿತೈಷಿಯ ಹಾಗೆ, “ಇಂಥವರನ್ನ ಮನೇಲಿಟ್ಟು ನೋಡ್ಕೋಬೇಕು ಸಾಹೇಬ್ರೇ. ಗಿರಾಕಿಗಳ ಮುಂದೆ ಯಾಕೆ ಕೂರಿಸ್ತೀರಿ?” ಎಂದೆ.

“ಇದು ಅವನ ಅಂಗಡೀನೂ ಹೌದಲ್ಲ ಮೇಷ್ಟ್ರೇ,” ಎಂದು ಅವರು ತಲೆ ತಗ್ಗಿಸಿದರು. ಮುನೀರ್ ಅಲ್ಲೇ ಇದ್ದ. ಅವನಿಗೆ ಅರ್ಥವಾಗದು ಎಂದುಕೊಂಡಿದ್ದೆ.

ಅರ್ಥವಾಗಿತ್ತು. ವಾರದ ಮೇಲೆ ಹೋದಾಗ ಅವನ ಜಾಗ ಖಾಲಿ. “ಬೆಳಿಗ್ಗೆ ಎದ್ದು ಇಸ್ತ್ರಿ ಶರ್ಟ್ ಹಾಕ್ಕೊಂಡು ಜಗುಲಿ ಮೇಲೆ ಕೂತ್ಕೋತಾನೆ,” ಎಂದರು ಸಾಹೇಬರು. “ಬಾರೋ ಅಂದ್ರೆ, ಮೇಷ್ಟ್ರು ಬೇಡ ಅಂದ್ರಲ್ಲ ಅಂತಾನೆ.” ಅವರು ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ನನಗೆ ತುಂಬ ನಾಚಿಕೆಯಾಯಿತು.

ಅವರ ಮನೆ ಅಂಗಡಿಯ ಹಿಂದಿನ ಗಲ್ಲಿಯಲ್ಲೇ; ನೇರ ಅಲ್ಲಿಗೇ ಹೋದೆ. ಮುನೀರ್ ಜಗುಲಿಯ ಮೇಲೆ ಕೂತಿದ್ದ. “ನಾನು ಹೇಳಿದ್ದು ತಪ್ಪಾಯ್ತು ಕಣಪ್ಪ. ಕೋಪ ಬಂದಿದೆಯಾ?” ಎಂದೆ.

ಇಂಥ ಪ್ರಶ್ನೆಗೆ ನಮ್ಮಲ್ಲಿ ಉತ್ತರ ಸಿದ್ಧವಾಗಿರುತ್ತದೆ. ‘ಛೇ, ಅದೇನು ಮಹಾ, ಬಿಡಿ’ ಎಂದು ನಕ್ಕು, ಒಳಗೊಳಗೇ ಹತ್ತು ವರ್ಷ ಇಟ್ಟುಕೊಳ್ಳುತ್ತೇವೆ. ಕುಣಿಗಲಿನ ನನ್ನ ಷಡ್ಡಕ ಹೀಗೆ ‘ಬಿಡಿ’ ಎಂದವನು ಆಮೇಲೆ ನಮ್ಮ ಮನೆಯಲ್ಲಿ ಕಾಫಿ ಮುಟ್ಟಿಲ್ಲ.

“ಹೂಂ, ಬಂದೈತೆ. ಜಾಸ್ತಿ ಬಂದೈತೆ,” ಎಂದ ಮುನೀರ್.

ಅವನ ಪಕ್ಕದಲ್ಲಿ ಕೂತೆ. ಗಲ್ಲಿಯಲ್ಲಿ ಓಡಾಡುವವರು ಮೇಷ್ಟ್ರಿಗೇನು ಇಲ್ಲಿ ಕೆಲಸ ಎಂಬಂತೆ ನೋಡಿಕೊಂಡು ಹೋದರು. ಬಹಳ ಹೊತ್ತಾದ ಮೇಲೆ ಅವನೇ ಎದ್ದು ಶರ್ಟು ಸರಿಮಾಡಿಕೊಂಡು, “ಈಗ ಹೋಯ್ತು. ನಡೀರಿ, ಅಂಗಡಿಗೆ ಲೇಟಾಯ್ತು” ಎಂದ.

ಜೀವಮಾನದಲ್ಲಿ ನಾನು ಬಹಳ ಜನರ ಕ್ಷಮೆ ಕೇಳಿದ್ದೇನೆ. ಸಿಕ್ಕಿತು ಎಂದು ಖಾತ್ರಿಯಾಗಿ ಗೊತ್ತಿರುವುದು ಅದೊಂದೇ.