ಅಕ್ಕನ ಒಣಗಿದ ಕಣ್ಣು

ಕಮಲಾಪುರದಲ್ಲಿ ಜೋಳದ ರೊಟ್ಟಿ ಮಾಡಿ ಮಾರುವ ನನ್ನ ಅಕ್ಕನ ಕಣ್ಣು ಸದಾ ಉರಿಯುತ್ತಿತ್ತು, ನೀರು ಸುರಿಯುತ್ತಿತ್ತು. ಕಲಬುರಗಿಯ ಕಣ್ಣಿನ ಡಾಕ್ಟರರಲ್ಲಿಗೆ ಕರೆದುಕೊಂಡು ಹೋದೆ.

"ಕಣ್ಣು ಒಣಗ್ಯಾವ್ರೀ" ಎಂದರು ಅವರು.

"ದಿನಾ ನೀರು ಸುರೀತಾವಲ್ರೀ?" ಎಂದಳು ಅಕ್ಕ.

"ಅದು ಉರಿಗೆ ಬರೋ ನೀರು, ಕಣ್ಣಾಗ ನಿಲ್ಲಂಗಿಲ್ಲ. ದಿನಕ್ಕ ನಾಕ್ ಸಲ ಈ ಡ್ರಾಪ್ಸ್ ಹಾಕ್ಕೋರಿ. ಒಲಿ ಹೊಗಿಯಿಂದ ದೂರ ಇರ್ರಿ."

ಮರಳುವಾಗ ಬಸ್ಸಿನಲ್ಲಿ ಕಿಟಕಿಯ ಗಾಳಿಗೆ ಸೆರಗು ಅಡ್ಡ ಹಿಡಿದು ಅವಳು ಕೇಳಿದಳು, "ಒಲಿ ಬಿಟ್ಟು ನಾ ಏನ್ ಮಾಡ್ಲೋ ತಮ್ಮಾ?"

ಮನೆಗೆ ಬಂದು ಅವಳ ಕಣ್ಣಿಗೆ ಎರಡೆರಡು ಹನಿ ಹಾಕಿದೆ. ಕಣ್ಣು ಮುಚ್ಚಿ ಗೋಡೆಗೊರಗಿ ಕೂತು, "ತಣ್ಣಗಾತು" ಎಂದಳು. ಮದುವೆ ಮನೆಯೊಂದಕ್ಕೆ ಅಂದೇ ನೂರು ರೊಟ್ಟಿ ಕೊಡಬೇಕಿತ್ತು. ಸ್ವಲ್ಪ ಹೊತ್ತಿಗೆ ಎದ್ದು ಒಲೆ ಹೊತ್ತಿಸಿದಳು.