ಸುಸ್ತಾದ ಬ್ಯಾಟರಿಗಳ ವೈದ್ಯ

ನನ್ನ ಕಾರು ನಡುರಸ್ತೆಯಲ್ಲಿ ಮುಷ್ಕರ ಹೂಡಿದ ದಿನ ಬ್ಯಾಟರಿ ಮಾವನ ಪರಿಚಯವಾಯಿತು. ಬ್ಯಾಟರಿಯ ಬಿರಡೆ ತೆಗೆದು ಇಣುಕಿ, “ಸತ್ತಿಲ್ಲ ಮೇಷ್ಟ್ರೇ, ಸುಸ್ತಾಗಿದೆ ಅಷ್ಟೇ” ಎಂದರು. ಒಳಗಿನ ತಗಡು ಉದುರಿರದಿದ್ದರೆ ಸಾಕು, ಶುದ್ಧ ನೀರು ಕುಡಿಸಿ, ಹಸುಗೂಸಿಗೆ ಹಾಲೂಡಿಸುವಷ್ಟು ನಿಧಾನವಾಗಿ ಚಾರ್ಜು ಏರಿಸಿ, ಎಂಥ ಮುದಿ ಬ್ಯಾಟರಿಯನ್ನೂ ಎಬ್ಬಿಸಿ ಕೂರಿಸುವರು. ಹೊಸದು ಕೇಳಿದವರಿಗೆ, “ಅಜ್ಜಿಗೆ ಕೆಮ್ಮು ಬಂದ್ರೆ ಬೇರೆ ಅಜ್ಜಿ ತರ್ತೀಯೇನೋ?” ಎಂಬ ಬೈಗುಳ. ಆದರೆ ಕರೆಂಟು ಹೋದಾಗ ಅವರ ಹೆಂಡತಿಯ ಉಸಿರಾಟದ ಯಂತ್ರವನ್ನು ನಡೆಸುವ ಬ್ಯಾಟರಿ ಮಾತ್ರ ಸದಾ ಹೊಚ್ಚಹೊಸದು. “ನಿಮ್ಮ ಕೈಗುಣದ ಮೇಲೆ ನಿಮಗೇ ನಂಬಿಕೆ ಇಲ್ವಾ ಮಾವ?” ಎಂದು ಕೆಣಕಿದೆ. “ನಾನು ರಿಪೇರಿ ಮಾಡಿದ್ದು ಕೈಕೊಟ್ರೆ ನಿಮ್ಮ ಕಾರು ತಳ್ಳಬಹುದು. ಇವಳನ್ನ?” ಎಂದರು. ಈಚೆಗಂತೂ ಕರೆಂಟು ಹೋದರೆ, ಒಳಮನೆಯಲ್ಲಿ ಆ ಯಂತ್ರದ ಸದ್ದು ಮತ್ತೆ ಕೇಳುವವರೆಗೆ ಅವರು ಉಸಿರು ಬಿಗಿಹಿಡಿದು ನಿಲ್ಲುತ್ತಾರೆ.